ಬಿರುಗಾಳಿಯ ಕಡಲು, ಒದ್ದೆ ಅದಿರು

ರಾಯಚೂರು ಜಿಲ್ಲೆಯ ಮಲ್ಲಟದಿಂದ ಪಿ.ಯು.ಸಿ. ವಿದ್ಯಾರ್ಥಿಯೊಬ್ಬರು ನಮ್ಮ ಕಾರ್ಯಕ್ರಮಕ್ಕೆ ಬರೆದ ಪತ್ರದಲ್ಲಿ ಒಂದೇ ಪ್ರಶ್ನೆ ಇತ್ತು: "ಜೋರು ಗಾಳಿಗೆ ಹೊಳೆಯಲ್ಲಿ ಹರಿಗೋಲು ಮಗುಚುತ್ತದೆ, ಅದು ಅರ್ಥವಾಗುತ್ತದೆ. ಒಂದು ಓಣಿಯಷ್ಟು ಉದ್ದದ ಉಕ್ಕಿನ ಹಡಗು ಗಾಳಿಗೆ ಯಾಕೆ ಮುಳುಗಬೇಕು?" ಅರ್ಧ ಗಂಟೆಯ ಮಾತುಕತೆಯಲ್ಲಿ ಇದಕ್ಕೆ ಸಿಕ್ಕಿದ್ದು ಮೂರೇ ನಿಮಿಷ. ಆದ್ದರಿಂದ ಉಳಿದದ್ದನ್ನು ಈ ಪುಟಗಳಲ್ಲಿ ವಿವರಿಸುತ್ತಿದ್ದೇನೆ.

ಕಡಲನ್ನೇ ಕಾಣದ ಊರಿನವರಿಗೆ ಕಡಲಿನ ಚಿಂತೆ ಏಕೆ ಎಂದು ಕೆಲವರು ಕೇಳಬಹುದು. ಒಮ್ಮೆ ಭೂಪಟ ತೆಗೆದು ನೋಡಿ. ಮಲ್ಲಟದಿಂದ ಪಶ್ಚಿಮಕ್ಕೆ ಅರಬ್ಬೀ ಸಮುದ್ರ ಎಷ್ಟು ದೂರವೋ ಪೂರ್ವಕ್ಕೆ ಬಂಗಾಳ ಕೊಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ದೂರ. ನೇರ ಗೆರೆ ಎಳೆದರೆ ಎರಡೂ ಕಡೆ ಸುಮಾರು 350 ಕಿಲೋಮೀಟರ್. ಎರಡೂ ಕಡಲುಗಳ ಪಾಲು ನಿಮ್ಮ ಊರಿಗೆ ಬರುತ್ತದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಕೃಷ್ಣೆ, ತುಂಗಭದ್ರೆಗಳು ಉಕ್ಕಿ ಮಂತ್ರಾಲಯ ನೀರಿನಲ್ಲಿ ನಿಂತದ್ದು ಮನೆಯ ಹಿರಿಯರಿಗೆ ನೆನಪಿದ್ದೀತು. ಆ ಮಳೆಯನ್ನು ತಂದದ್ದು ಬಂಗಾಳ ಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತ. ನೀವು ಗದ್ದೆಗೆ ಎರಚುವ ಪೊಟ್ಯಾಷ್ ಗೊಬ್ಬರ, ಅಂಗಡಿಯಿಂದ ತರುವ ತಾಳೆ ಎಣ್ಣೆ ಇವು ಹಡಗು ಹತ್ತಿಯೇ ಭಾರತಕ್ಕೆ ಬರುತ್ತವೆ. ಇನ್ನೊಂದು ನಂಟೂ ಇದೆ. ಅದು ನಿಮ್ಮ ಪಕ್ಕದ ಬಳ್ಳಾರಿ ಸೀಮೆಯ ಕೆಂಪು ಅದಿರಿನದು. ಅದನ್ನು ಸ್ವಲ್ಪ ತಡೆದು ಹೇಳುತ್ತೇನೆ.

ಮೊದಲು ಅಲೆಯ ವಿಷಯ. ಎದೆಯೆತ್ತರಕ್ಕೆ ಬೆಳೆದ ಜೋಳದ ಹೊಲದ ಮೇಲೆ ಗಾಳಿ ಸುಳಿದಾಗ ತೆನೆಗಳು ಬಾಗಿ ಏಳುತ್ತವೆ, ಹೊಲದ ಈ ಬದುವಿನಿಂದ ಆ ಬದುವಿಗೆ ಒಂದು ಅಲೆ ಓಡಿದಂತೆ ಕಾಣುತ್ತದೆ. ಒಂದು ದಂಟೂ ತನ್ನ ಬೇರು ಬಿಟ್ಟು ಹೋಗಿರುವುದಿಲ್ಲ. ಆಳ ಕಡಲಿನಲ್ಲೂ ಹೀಗೆಯೇ. ನೀರಿನ ಕಣ ಇದ್ದಲ್ಲೇ ಒಂದು ಸುತ್ತು ಹಾಕಿ ಹೆಚ್ಚುಕಡಿಮೆ ಮೊದಲಿನ ಜಾಗಕ್ಕೆ ಬರುತ್ತದೆ; ಮುಂದಕ್ಕೆ ಹೋಗುವುದು ಶಕ್ತಿ. ಈ ಸುತ್ತು ಆಳಕ್ಕೆ ಹೋದಂತೆ ಕಿರಿದಾಗುತ್ತದೆ. ಅಲೆಯ ಉದ್ದದ ಅರ್ಧದಷ್ಟು ಕೆಳಗೆ ಇಳಿದರೆ ಮೇಲಿನ ರಂಪ ಅಲ್ಲಿಗೆ ಮುಟ್ಟುವುದೇ ಇಲ್ಲ. ಜಲಾಂತರ್ಗಾಮಿ ನೌಕೆ ಬಿರುಗಾಳಿಯಲ್ಲಿ ಕೆಳಕ್ಕೆ ಇಳಿದು ನೆಮ್ಮದಿಯಾಗಿರುವುದು ಇದರಿಂದಲೇ. ಸರಕಿನ ಹಡಗಿಗೆ ಆ ಭಾಗ್ಯವಿಲ್ಲ.

ಅಲೆ ಎಷ್ಟು ದೊಡ್ಡದಾಗುತ್ತದೆ ಎಂಬುದನ್ನು ನಿರ್ಧರಿಸುವವು ಮೂರು: ಗಾಳಿಯ ವೇಗ, ಅದು ಬೀಸಿದ ಕಾಲ, ಅಡೆತಡೆಯಿಲ್ಲದೆ ಅದು ಉಜ್ಜಿಕೊಂಡು ಬಂದ ನೀರಿನ ದೂರ. ಎಷ್ಟೇ ಗಾಳಿ ಬಂದರೂ ಕೆರೆಯಲ್ಲಿ ಆಳೆತ್ತರದ ಅಲೆ ಏಳದು, ಏಕೆಂದರೆ ದೂರ ಸಾಲದು. ಅರಬ್ಬೀ ಸಮುದ್ರದಲ್ಲಿ ನೈರುತ್ಯ ಮಾರುತಕ್ಕೆ ಆಫ್ರಿಕದ ತೀರದಿಂದ ನಮ್ಮ ಕರಾವಳಿಯವರೆಗೆ ಬಯಲೋ ಬಯಲು. ಹತ್ತು ಸೆಕೆಂಡಿಗೊಮ್ಮೆ ಬರುವ ಅಲೆಯ ಉದ್ದವನ್ನು ನೀವೇ ಲೆಕ್ಕ ಹಾಕಬಹುದು. ಸೆಕೆಂಡುಗಳ ವರ್ಗವನ್ನು 1.56ರಿಂದ ಗುಣಿಸಿ; ಉತ್ತರ 156 ಮೀಟರ್. ಅಂದರೆ ಅದು ಗಂಟೆಗೆ 56 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ, ನಮ್ಮ ಎಕ್ಸ್‌ಪ್ರೆಸ್ ಬಸ್ಸಿನ ಹಾಗೆ. ಅದರಲ್ಲಿರುವ ಶಕ್ತಿ ಎತ್ತರದ ವರ್ಗಕ್ಕೆ ಅನುಗುಣ. 2 ಮೀಟರಿನ ಅಲೆಗಿಂತ 6 ಮೀಟರಿನ ಅಲೆ ಮೂರು ಪಟ್ಟಲ್ಲ, ಒಂಬತ್ತು ಪಟ್ಟು ಬಲಶಾಲಿ. ಒಂದು ಘನ ಮೀಟರ್ ಕಡಲ ನೀರಿನ ತೂಕ ಒಂದು ಟನ್ನಿಗಿಂತ ಸ್ವಲ್ಪ ಹೆಚ್ಚು ಎಂಬುದನ್ನೂ ನೆನಪಿಡಿ. ಅಂಥ ಹತ್ತಾರು ಟನ್ ಒಮ್ಮೆಗೇ ಅಟ್ಟದ ಮೇಲೆ ಬಿದ್ದರೆ ಉಕ್ಕಿನ ಕಂಬಿಗಳು ಕಡ್ಡಿಯಂತೆ ಬಾಗುತ್ತವೆ. ಟೆಲಿವಿಷನ್ ಪರದೆಯ ಮೇಲೆ ಇದು ಎಂದೂ ಸರಿಯಾಗಿ ಕಾಣುವುದಿಲ್ಲ ಎಂಬುದು ನನ್ನ ಕಸುಬಿನ ಹಳೆಯ ಕೊರಗು. ಪಕ್ಕದಲ್ಲಿ ಅಳತೆಗೆ ಮನೆಯೋ ಮರವೋ ಇಲ್ಲದೆ, ಹತ್ತು ಮೀಟರಿನ ಅಲೆಯೂ ಕೆರೆಯ ಅಲೆಯಂತೆ ಚಪ್ಪಟೆಯಾಗಿ ಕಾಣುತ್ತದೆ.

ಈ ಅಲೆ ದಡದ ಹತ್ತಿರ ಬಂದಾಗ ಅದರ ಸ್ವಭಾವ ಬದಲಾಗುತ್ತದೆ. ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಬುಡ ನಿಧಾನವಾಗಿ, ತಲೆ ಮುಂದೆ ಧಾವಿಸಿ, ಅಲೆ ಮುರಿದು ಬೀಳುತ್ತದೆ. ಆಗ ನೀರು ಇದ್ದಲ್ಲೇ ಸುತ್ತುವುದಿಲ್ಲ, ನಿಜವಾಗಿಯೇ ಮುನ್ನುಗ್ಗುತ್ತದೆ. ಹೊಳೆ ಕಡಲನ್ನು ಸೇರುವ ಜಾಗಕ್ಕೆ ಕರಾವಳಿಯವರು ಅಳಿವೆ ಎನ್ನುತ್ತಾರೆ. ಅಲ್ಲಿ ಮರಳಿನ ದಿಬ್ಬವಿದ್ದು ನೀರು ಆಳವಿರುವುದಿಲ್ಲ. ಹೊಳೆಯ ಸೆಳೆತಕ್ಕೆ ಎದುರಾಗಿ ಅಲೆಗಳು ಇನ್ನೂ ಕಡಿದಾಗುತ್ತವೆ. ದೂರದ ಕಡಲಿನಿಂದ ಕ್ಷೇಮವಾಗಿ ಮರಳಿದ ಮೀನುಗಾರಿಕೆ ದೋಣಿ ಮನೆ ಕಾಣುವಷ್ಟು ಹತ್ತಿರದ ಅಳಿವೆಯಲ್ಲಿ ಮಗುಚಿದ ಸುದ್ದಿ ಮಳೆಗಾಲದಲ್ಲಿ ನಮ್ಮ ಪತ್ರಿಕೆಗಳಿಗೆ ಹೊಸದಲ್ಲ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ ಎಂಬ ನಿಯಮ ಮೀನಿನ ಸಂತಾನದ ರಕ್ಷಣೆಗೆ ಬಂದದ್ದು. ಮನುಷ್ಯರ ಜೀವವೂ ಅದರಿಂದ ಉಳಿಯುತ್ತದೆ.

2021ರ ಮೇ ತಿಂಗಳಿನಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದು ಗುಜರಾತಿನತ್ತ ಹೋಯಿತು. ಹೆಸರು ಕೊಟ್ಟದ್ದು ಮ್ಯಾನ್ಮಾರ್. ಅದು ಅಲ್ಲಿನ ಒಂದು ಬಗೆಯ ಹಲ್ಲಿಯ ಹೆಸರು. ಆ ದಿನಗಳಲ್ಲಿ ಪಡುಬಿದ್ರಿಯ ಬಳಿ 'ಅಲಯನ್ಸ್' ಎಂಬ ಟಗ್ಗು, ಅಂದರೆ ದೊಡ್ಡ ಹಡಗುಗಳನ್ನು ಎಳೆಯುವ ಚಿಕ್ಕ ಬಲಿಷ್ಠ ನೌಕೆ, ಮಗುಚಿತು. ಅದರಲ್ಲಿದ್ದ 8 ಮಂದಿಯಲ್ಲಿ ಮೂವರಷ್ಟೇ ಜೀವಂತವಾಗಿ ದಡ ಸೇರಿದರು. ಇನ್ನೊಂದು ಟಗ್ಗು 'ಕೋರಮಂಡಲ್ ಸಪೋರ್ಟರ್-9' ಮೂಲ್ಕಿಯ ಬಂಡೆಗಳ ನಡುವೆ ಸಿಕ್ಕಿಕೊಂಡಿತು. ದಡದಲ್ಲಿ ನಿಂತವರಿಗೆ ಅದು ಕಣ್ಣಿಗೆ ಕಾಣುತ್ತಿತ್ತು. ಆದರೂ ಅದರಲ್ಲಿದ್ದ 9 ಮಂದಿಯನ್ನು ಹೊರತರಲು ಎರಡು ದಿನ ಬೇಕಾಯಿತು. ಏಕೆ? ಬಂಡೆಯ ಸುತ್ತ ಅಲೆಗಳು ಮುರಿಯುವ ಜಾಗದಲ್ಲಿ ರಕ್ಷಣಾ ದೋಣಿಯೂ ಮುರಿಯುತ್ತದೆ. ಬಿರುಗಾಳಿಯಲ್ಲಿ ಹೆಲಿಕಾಪ್ಟರ್ ಸ್ಥಿರವಾಗಿ ನಿಲ್ಲಲಾರದು. ಮೇ 17ರಂದು ಗಾಳಿ ತುಸು ತಗ್ಗಿದಾಗ ಐವರನ್ನು ತಟರಕ್ಷಣಾ ಪಡೆಯ 'ವರಾಹ' ಹಡಗಿನವರೂ ನಾಲ್ವರನ್ನು ನೌಕಾಪಡೆಯ ಹೆಲಿಕಾಪ್ಟರಿನವರೂ ಕಾಪಾಡಿದರು. ತೀರ ಹತ್ತಿರವಿದ್ದಷ್ಟೂ ಕ್ಷೇಮ ಎಂದು ನಾವು ನೆಲದವರು ತಿಳಿಯುತ್ತೇವೆ. ಬಿರುಗಾಳಿಯಲ್ಲಿ ನಾವಿಕ ಹೆದರುವುದು ತೀರಕ್ಕೇ.

ಇನ್ನು ಹಡಗು ಮಗುಚುವ ಲೆಕ್ಕ. ಹಡಗಿನ ಎಲ್ಲ ಭಾರವೂ ಗುರುತ್ವಕೇಂದ್ರ ಎಂಬ ಒಂದು ಬಿಂದುವಿನ ಮೂಲಕ ಕೆಳಗೆ ಎಳೆಯುತ್ತದೆ. ನೀರು ಮೇಲಕ್ಕೆ ಒತ್ತುವ ಬಲ ಹಡಗಿನ ಮುಳುಗಿದ ಭಾಗದ ನಡುಬಿಂದುವಿನ ಮೂಲಕ ಹೋಗುತ್ತದೆ. ಹಡಗು ಬಲಕ್ಕೆ ವಾಲಿದರೆ ಬಲಭಾಗ ಹೆಚ್ಚು ಮುಳುಗುವುದರಿಂದ ಎರಡನೆಯ ಬಿಂದು ಬಲಕ್ಕೆ ಸರಿಯುತ್ತದೆ. ಎರಡು ಬಲಗಳು ಸೇರಿ ಹಡಗನ್ನು ಮತ್ತೆ ನೆಟ್ಟಗೆ ತಿರುಗಿಸುತ್ತವೆ. ಹರಿಗೋಲು ಅಷ್ಟು ಅಗಲವಾಗಿರುವುದೂ ಇದೇ ಕಾರಣಕ್ಕೆ. ಅಗಲ ಹೆಚ್ಚಿದ್ದರೆ ಬಿಂದು ಬೇಗ ಸರಿಯುತ್ತದೆ. ಅದರ ದೋಷವೆಂದರೆ ಅಂಚು ನೀರಿಗೆ ತೀರ ಹತ್ತಿರ. ಹಡಗಿನ ಗೋಡೆ ಎತ್ತರ, ಮೇಲೆ ಮುಚ್ಚಳ ಬೇರೆ. ಹೀಗಾಗಿ ಬಹಳ ದೂರ ವಾಲಿದರೂ ಅದು ಎದ್ದು ಬರುತ್ತದೆ.

ಆದರೆ ಪ್ರತಿ ಹಡಗಿಗೂ ತನ್ನದೇ ತೂಗಾಟದ ಕಾಲವಿರುತ್ತದೆ. ನಾಗರಪಂಚಮಿಯ ಜೋಕಾಲಿ ಜೀಕುವಾಗ ಏನು ಮಾಡುತ್ತೀರಿ? ಅದು ಹಿಂದಕ್ಕೆ ಬಂದು ನಿಂತ ಗಳಿಗೆ ನೋಡಿ ಸ್ವಲ್ಪ ನೂಕುತ್ತೀರಿ. ಆರೇಳು ಸಲಕ್ಕೆ ಜೋಕಾಲಿ ಮರದ ಕೊಂಬೆಗೆ ಮುಟ್ಟುತ್ತದೆ. ಅಲೆಯ ಹೊಡೆತದ ಕಾಲ ಹಡಗಿನ ತೂಗಾಟದ ಕಾಲಕ್ಕೆ ಹೊಂದಿಬಿಟ್ಟರೆ ಸಾಧಾರಣ ಅಲೆಯೂ ದೊಡ್ಡ ಹಡಗನ್ನು ಹಾಗೆ ಜೀಕುತ್ತದೆ. ಆಗ ಕಪ್ತಾನ ವೇಗವನ್ನೋ ದಿಕ್ಕನ್ನೋ ಬದಲಿಸಿ ಆ ಹೊಂದಾಣಿಕೆಯನ್ನು ಮುರಿಯಬೇಕು. ಬಿರುಗಾಳಿಯಲ್ಲಿ ಸಾಮಾನ್ಯವಾಗಿ ಹಡಗಿನ ಮೂತಿಯನ್ನು ಅಲೆಗೆ ಎದುರಾಗಿ ಹಿಡಿದು ನಿಧಾನವಾಗಿ ಸಾಗುತ್ತಾರೆ. ಎಂಜಿನ್ ನಿಂತರೆ ಇದ್ಯಾವುದೂ ಆಗದು. ಹಡಗು ತಾನಾಗಿ ಅಲೆಗೆ ಪಕ್ಕೆ ಕೊಟ್ಟು ಮಲಗುತ್ತದೆ.

ಉದ್ದನೆಯ ಹಡಗಿಗೆ ಬೆನ್ನು ಮುರಿಯುವ ಭಯವೂ ಉಂಟು. ಒಮ್ಮೆ ನಡುಭಾಗ ಅಲೆಯ ನೆತ್ತಿಯ ಮೇಲೆ, ಎರಡು ತುದಿಗಳು ತೂಗಾಡುತ್ತ. ಮರುಗಳಿಗೆ ತುದಿಗಳು ಎರಡು ಅಲೆಗಳ ಮೇಲೆ, ನಡು ಹಳ್ಳದಲ್ಲಿ. ಜೋಳದ ದಂಟನ್ನು ಹೀಗೆ ಅತ್ತ ಇತ್ತ ಬಾಗಿಸಿದರೆ ಏನಾಗುತ್ತದೆಂದು ನಿಮಗೆ ಗೊತ್ತು. 2013ರ ಜೂನ್ 17ರಂದು 'ಎಂಓಎಲ್ ಕಂಫರ್ಟ್' ಎಂಬ ಕಂಟೇನರ್ ಹಡಗು ಅರಬ್ಬೀ ಸಮುದ್ರದಲ್ಲಿ ಎರಡು ತುಂಡಾಯಿತು. ಅದು ಕಟ್ಟಿ ಐದೇ ವರ್ಷವಾಗಿದ್ದ ಹಡಗು. 26 ಮಂದಿಯೂ ಬದುಕಿದರು.

ಈಗ ಅದಿರಿನ ಮಾತಿಗೆ ಬರೋಣ. ಹಡಗಿನವರ ನಡುವೆ ಒಂದು ಸರಕಿಗೆ ಬಿರುಗಾಳಿಯಷ್ಟೇ ಕೆಟ್ಟ ಹೆಸರಿದೆ. ಅದು ಒದ್ದೆ ಅದಿರಿನ ಪುಡಿ. ಈ ಶತಮಾನದ ಮೊದಲ ದಶಕದಲ್ಲಿ ಬಳ್ಳಾರಿ, ಸಂಡೂರು, ಹೊಸಪೇಟೆಗಳ ಕಬ್ಬಿಣದ ಅದಿರು ಲಾರಿ, ರೈಲುಗಳಲ್ಲಿ ನವಮಂಗಳೂರು, ಬೇಲೆಕೇರಿ ಮುಂತಾದ ಬಂದರುಗಳಿಗೆ ಹೋಗಿ ಅಲ್ಲಿಂದ ಚೀನಾಕ್ಕೆ ಸಾಗುತ್ತಿತ್ತು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ತನ್ನ ಬಂದರುಗಳಿಂದ ಅದಿರು ರಫ್ತಾಗುವುದನ್ನು ನಿಷೇಧಿಸಿತು. ಅದಕ್ಕೂ ಮೊದಲಿನ ವರ್ಷಗಳಲ್ಲಿ ಅದಿರಿನ ಪುಡಿ ಬಯಲಿನಲ್ಲಿ ಬೆಟ್ಟದಂತೆ ರಾಶಿ ಬಿದ್ದಿರುತ್ತಿತ್ತು. ಕರಾವಳಿಯ ಮಳೆ ಎಂಥದೆಂದು ಕೇಳಿದ್ದೀರಿ. ಆ ರಾಶಿ ಕುಡಿದ ನೀರು ಅದಿರಿನ ಜೊತೆಗೇ ಹಡಗನ್ನು ಏರುವ ಅಪಾಯವಿತ್ತು.

2009ರ ಜುಲೈನಲ್ಲಿ ನವಮಂಗಳೂರು ಬಂದರಿನಲ್ಲಿ ಅದಿರಿನ ಪುಡಿ ತುಂಬಿಕೊಂಡು ಹೊರಟ 'ಏಷ್ಯನ್ ಫಾರೆಸ್ಟ್' ಎಂಬ ಹಡಗು ಕರಾವಳಿಯಿಂದ ಹೆಚ್ಚು ದೂರ ಹೋಗುವ ಮೊದಲೇ ಒಂದು ಬದಿಗೆ ವಾಲಿ ಮುಳುಗಿತು. 18 ಮಂದಿ ಸಿಬ್ಬಂದಿಯನ್ನು ತಟರಕ್ಷಣಾ ಪಡೆ ಕಾಪಾಡಿತು. ಎರಡು ತಿಂಗಳೂ ಕಳೆಯಲಿಲ್ಲ, ಸೆಪ್ಟೆಂಬರಿನಲ್ಲಿ ಒಡಿಶಾದ ಪಾರಾದೀಪದ ಬಳಿ ಅಂಥದೇ ಸರಕು ಹೊತ್ತ 'ಬ್ಲ್ಯಾಕ್ ರೋಸ್' ಅದೇ ರೀತಿ ಮುಳುಗಿ ಒಬ್ಬ ನಾವಿಕ ಸತ್ತ. ಎರಡೂ ಕಡೆ ಕಡಲು ಮಳೆಗಾಲದ್ದು, ನಿಜ. ಆದರೆ ಅಂಥ ಕಡಲನ್ನು ಆ ಗಾತ್ರದ ಹಡಗುಗಳು ದಿನವೂ ದಾಟುತ್ತವೆ.

ಏನಾಯಿತು ಎಂಬುದನ್ನು ತಿಳಿಯಲು ತುಂಗಭದ್ರೆಯ ದಂಡೆಯ ಒದ್ದೆ ಮರಳಿನ ಮೇಲೆ ನಿಂತರೆ ಸಾಕು. ಕಾಲಿಟ್ಟಾಗ ಅದು ಗಟ್ಟಿ ನೆಲ. ನಿಂತಲ್ಲೇ ಪಾದದಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಸ್ವಲ್ಪ ಹೊತ್ತಿನಲ್ಲಿ ಮೇಲೆ ನೀರು ಒಸರಿ, ಮರಳು ಅಂಬಲಿಯಂತಾಗಿ, ಕಾಲು ಇಳಿಯತೊಡಗುತ್ತದೆ. ಮರಳಿನ ಕಣಗಳ ನಡುವೆ ಸಂದುಗಳಿವೆ. ಅವುಗಳಲ್ಲಿ ಅರ್ಧ ಗಾಳಿ, ಅರ್ಧ ನೀರು. ತಟ್ಟಿದಾಗ ಕಣಗಳು ಹತ್ತಿರ ಸರಿಯುತ್ತವೆ, ಸಂದು ಕಿರಿದಾಗುತ್ತದೆ, ಗಾಳಿ ಹೊರಟುಹೋಗುತ್ತದೆ. ಉಳಿದ ಜಾಗವೆಲ್ಲ ನೀರಿನದಾದಾಗ ಇನ್ನಷ್ಟು ಒತ್ತಿದರೆ ಆ ಒತ್ತಡವನ್ನು ಹೊರುವುದು ನೀರೇ. ಕಣಕ್ಕೆ ಕಣ ತಾಗಿ ಹಿಡಿದಿದ್ದ ಘರ್ಷಣೆ ಇಲ್ಲವಾಗುತ್ತದೆ. ಘನವಾಗಿದ್ದ ರಾಶಿ ದ್ರವದಂತೆ ಹರಿಯುತ್ತದೆ. ಸರಕುಕೋಣೆಯಲ್ಲಿ ತಟ್ಟುವ ಕೆಲಸವನ್ನು ಎಂಜಿನ್ನಿನ ನಡುಕವೂ ಅಲೆಯ ಹೊಡೆತವೂ ಹಗಲಿರುಳು ಮಾಡುತ್ತವೆ. ತುಂಬುವಾಗ ಒಣಗಿದಂತೆ ಕಂಡ ಅದಿರು ಮೂರನೆಯ ದಿನ ಕೆಸರಾಗಿರುತ್ತದೆ.

ಹರಿಯುವ ಸರಕು ಯಾಕೆ ಅಷ್ಟು ಅಪಾಯ? ಒಂದು ಪರಾತದಲ್ಲಿ ಎರಡು ಬೆರಳು ನೀರು ಹಾಕಿ ಎರಡೂ ಕೈಯಲ್ಲಿ ಹಿಡಿದು ನಡೆದು ನೋಡಿ. ಸ್ವಲ್ಪ ವಾಲಿದರೆ ನೀರೆಲ್ಲ ಆ ಬದಿಗೆ ಓಡಿ ಇನ್ನಷ್ಟು ವಾಲಿಸುತ್ತದೆ. ಹಡಗನ್ನು ನೆಟ್ಟಗೆ ಮಾಡುವ ಬಲದ ವಿಷಯ ಮೇಲೆ ಹೇಳಿದೆನಲ್ಲ, ಅದನ್ನು ಈ ಓಡಾಟ ತಿಂದುಹಾಕುತ್ತದೆ. ಅದರ ದುಷ್ಪರಿಣಾಮ ದ್ರವ ಹರಡಿರುವ ಅಗಲದ ಘನಕ್ಕೆ ಅನುಗುಣ. ಪರಾತದ ನಡುವೆ ಒಂದು ಗೋಡೆ ಕಟ್ಟಿದರೆ ಪ್ರತಿ ಅರ್ಧದಲ್ಲೂ ಎಂಟನೆಯ ಒಂದು ಪಾಲು, ಎರಡೂ ಸೇರಿ ನಾಲ್ಕನೆಯ ಒಂದು ಪಾಲು ಮಾತ್ರ ಉಳಿಯುತ್ತದೆ. ಎಣ್ಣೆ ಸಾಗಿಸುವ ಹಡಗುಗಳಲ್ಲಿ ಅಂಥ ಉದ್ದಗೋಡೆಗಳಿವೆ. ಅದಿರು, ಕಲ್ಲಿದ್ದಲು, ಗೋಧಿ ಸಾಗಿಸುವ ಸಾಮಾನ್ಯ ಹಡಗುಗಳಲ್ಲಿ ಇಲ್ಲ. ಒಣ ಸರಕಿಗೆ ಅದು ಬೇಕಿಲ್ಲ ಎಂಬ ಲೆಕ್ಕ. ಮೇಲಾಗಿ ಒಂದು ಘನ ಮೀಟರ್ ಜೋಳ ಮುಕ್ಕಾಲು ಟನ್ ತೂಗಿದರೆ ಅದಿರಿನ ಪುಡಿ ಎರಡು ಟನ್ನಿಗೂ ಮೀರಬಹುದು. ಆದ್ದರಿಂದ ತೂಕದ ಮಿತಿ ಮುಟ್ಟಿದಾಗಲೂ ಕೋಣೆಯ ಬಹುಭಾಗ ಖಾಲಿ ಇರುತ್ತದೆ, ಕೆಸರು ಹರಿದಾಡಲು ಜಾಗ ಧಾರಾಳ. ನೀರಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ನೀರು ಮತ್ತೆ ಈ ಬದಿಗೆ ಓಡಿ ಬರುತ್ತದೆ. ಕೆಸರು ಹೋದ ಬದಿಯಲ್ಲೇ ಕುಳಿತು ಗಟ್ಟಿಯಾಗಬಹುದು. ಮುಂದಿನ ಅಲೆಗೆ ಇನ್ನಷ್ಟು ಸರಿಯುತ್ತದೆ. ಹಡಗು ನೆಟ್ಟಗಾಗುವುದೇ ಇಲ್ಲ. ವಾಲಿದ್ದು ಗಮನಕ್ಕೆ ಬಂದ ಮೇಲೆ ಕೆಲವೊಮ್ಮೆ ದೋಣಿ ಇಳಿಸುವಷ್ಟು ಸಮಯವೂ ಉಳಿಯುವುದಿಲ್ಲ.

2010ರ ಕೊನೆಯಲ್ಲಿ ಇಂಡೋನೇಷ್ಯಾದಿಂದ ನಿಕ್ಕಲ್ ಅದಿರು ಹೊತ್ತ ಮೂರು ಹಡಗುಗಳು 39 ದಿನಗಳ ಅವಧಿಯಲ್ಲಿ ಒಂದರ ಹಿಂದೊಂದು ಮುಳುಗಿ 44 ನಾವಿಕರು ಸತ್ತರು. 2015ರ ಜನವರಿ 2ರಂದು ಮಲೇಷ್ಯಾದಿಂದ ಬಾಕ್ಸೈಟ್ ತುಂಬಿಕೊಂಡು ಹೊರಟ 'ಬಲ್ಕ್ ಜ್ಯೂಪಿಟರ್' ವಿಯೆಟ್ನಾಂ ತೀರದಾಚೆ ಮುಳುಗಿತು. 19 ಮಂದಿಯಲ್ಲಿ ಬದುಕಿದವನು ಅಡುಗೆಯವನೊಬ್ಬನೇ.

ಇದನ್ನು ತಡೆಯಲು ದೊಡ್ಡ ಯಂತ್ರವೇನೂ ಬೇಡ. ಪ್ರತಿ ಅದಿರಿಗೂ ಒಂದು ತೇವದ ಮಿತಿಯನ್ನು ಪ್ರಯೋಗಶಾಲೆಯಲ್ಲಿ ಕಂಡುಹಿಡಿಯುತ್ತಾರೆ. ತುಂಬುವ ಸರಕಿನ ತೇವ ಅದಕ್ಕಿಂತ ಕಡಿಮೆ ಇರಲೇಬೇಕು. ಪುಡಿ ಸರಕಿನ ಕುರಿತ ಅಂತಾರಾಷ್ಟ್ರೀಯ ಸಂಹಿತೆ 2011ರ ಜನವರಿ 1ರಿಂದ ಕಡ್ಡಾಯವಾಗಿದೆ. ಕಾಗದದ ಮೇಲಿನ ಸಂಖ್ಯೆಯನ್ನು ನಂಬದ ಕಪ್ತಾನನಿಗೆ ಅದೇ ಸಂಹಿತೆ ಒಂದು ಸುಲಭ ಪರೀಕ್ಷೆಯನ್ನೂ ಹೇಳುತ್ತದೆ. ಅರ್ಧ ಅಥವಾ ಒಂದು ಲೀಟರಿನ ಡಬ್ಬಿಯಲ್ಲಿ ಅರ್ಧಕ್ಕೆ ಅದಿರು ತುಂಬಿ, ಸುಮಾರು 20 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಜೋರಾಗಿ ಕುಟ್ಟಬೇಕು. ಒಂದೆರಡು ಸೆಕೆಂಡಿಗೊಮ್ಮೆ, ಒಟ್ಟು 25 ಸಲ. ಮೇಲೆ ನೀರು ಒಸರಿದರೆ ಅಥವಾ ಸರಕು ಕೆಸರಿನಂತೆ ಹೊಳೆದರೆ ಲೋಡಿಂಗ್ ನಿಲ್ಲಿಸಿ ಮತ್ತೆ ಪ್ರಯೋಗಶಾಲೆಗೆ ಕಳಿಸಬೇಕು. ನೀರು ಕಾಣದಿದ್ದರೆ ಸರಕು ಕ್ಷೇಮ ಎಂದರ್ಥವಲ್ಲ ಎಂಬುದೂ ನೆನಪಿರಲಿ. ಇದನ್ನು ಮರಳಿನಿಂದ ನಿಮ್ಮ ಶಾಲೆಯಲ್ಲೇ ಮಾಡಬಹುದು. ಒಂದೇ ಅಳತೆಯ ಒಣ ಮರಳಿಗೆ ನೂರಕ್ಕೆ ಐದು, ಹತ್ತು, ಹದಿನೈದು, ಇಪ್ಪತ್ತು ಭಾಗ ತೂಕದ ನೀರು ಬೆರೆಸಿ ನಾಲ್ಕು ಡಬ್ಬಿ ಮಾಡಿ ಕುಟ್ಟಿ, ಯಾವುದರಲ್ಲಿ ಮೊದಲು ನೀರು ಏಳುತ್ತದೆ ಎಂದು ಬರೆದಿಡಿ.

ಪರೀಕ್ಷೆ ಸುಲಭ, ಆದರೆ ಅದರ ಫಲವನ್ನು ಒಪ್ಪಿಕೊಳ್ಳುವುದು ಕಷ್ಟ. ಬಂದರಿನಲ್ಲಿ ಹಡಗು ನಿಂತ ಪ್ರತಿ ದಿನಕ್ಕೂ ಬಾಡಿಗೆ ಏರುತ್ತದೆ. ಸರಕಿನ ಮಾಲೀಕ ಅವಸರ ಮಾಡುತ್ತಾನೆ, ಹಡಗಿನ ಮಾಲೀಕ ದೂರವಾಣಿಯಲ್ಲಿ ಕೇಳುತ್ತಾನೆ. ಬೇಡವೆನ್ನುವ ಅಧಿಕಾರ ಕಪ್ತಾನನಿಗೆ ಕಾನೂನಿನಲ್ಲಿದೆ. ಬೇಡವೆಂದ ಮೇಲೆ ನೌಕರಿ ಉಳಿಯುತ್ತದೆಯೇ ಎಂಬ ಅಳುಕೂ ಅವನಿಗಿರುತ್ತದೆ. ಈ ದುರಂತಗಳನ್ನು ಸಮುದ್ರದ ಮುನಿಸು ಎಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ.

ಬಿರುಗಾಳಿ ಬರುವುದು ತಿಳಿದಾಗ ಕಪ್ತಾನ ಮೊದಲು ನೋಡುವುದು ತಾನು ಅದರ ಯಾವ ಬದಿಯಲ್ಲಿದ್ದೇನೆ ಎಂಬುದನ್ನು. ಚಂಡಮಾರುತಕ್ಕೆ ಇಂಗ್ಲಿಷಿನವರು ಇಂದು ಬಳಸುವ 'ಸೈಕ್ಲೋನ್' ಎಂಬ ಪದವನ್ನು ಟಂಕಿಸಿದವನು 1840ರ ದಶಕದಲ್ಲಿ ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್. ಗಾಳಿ ಸುರುಳಿ ಸುತ್ತಿದ ಹಾವಿನಂತೆ ತಿರುಗುತ್ತದೆ ಎಂಬುದು ಆ ಹೆಸರಿನ ಹಿಂದಿನ ಕಲ್ಪನೆ. ಭೂಮಿಯ ಉತ್ತರಾರ್ಧದಲ್ಲಿ ಅದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಗಾಳಿಗೆ ಬೆನ್ನು ಕೊಟ್ಟು ನಿಂತರೆ ಚಂಡಮಾರುತದ ನಡುಭಾಗ ನಿಮ್ಮ ಎಡಕ್ಕಿರುತ್ತದೆ. ಅದು ಸಾಗುವ ದಾರಿಯ ಬಲಬದಿಯಲ್ಲಿ ಸುತ್ತುವ ವೇಗಕ್ಕೆ ಸಾಗುವ ವೇಗವೂ ಕೂಡುವುದರಿಂದ ಗಾಳಿ ಹೆಚ್ಚು ಬಿರುಸು, ಮತ್ತು ಅದು ಹಡಗನ್ನು ಚಂಡಮಾರುತದ ದಾರಿಗೇ ನೂಕುತ್ತದೆ. ತೌಕ್ತೆ ಉತ್ತರಕ್ಕೆ ಸಾಗಿದಾಗ ನಮ್ಮ ಕರಾವಳಿ ಅದರ ಬಲಕ್ಕಿತ್ತು ಎಂಬುದನ್ನು ಭೂಪಟದಲ್ಲಿ ಗುರುತಿಸಿ.

ಅದೇ ಚಂಡಮಾರುತ ಮುಂಬಯಿಯಾಚೆಯ ತೈಲಕ್ಷೇತ್ರದಲ್ಲಿ ಲಂಗರು ಹಾಕಿದ್ದ 'ಪಿ-305' ಎಂಬ ತೇಲುಮನೆಯನ್ನು ಮುಳುಗಿಸಿತು. ಅದಕ್ಕೆ ಸ್ವಂತ ಎಂಜಿನ್ ಇರಲಿಲ್ಲ. ಲಂಗರು ಹಿಡಿಯುವುದು ತನ್ನ ತೂಕದಿಂದ ಮಾತ್ರವಲ್ಲ; ಸರಪಳಿಯ ಒಂದು ಭಾಗ ಕಡಲತಳದಲ್ಲಿ ಮಲಗಿದ್ದು ಎಳೆತವನ್ನು ಅಡ್ಡವಾಗಿ ಇಡುವುದರಿಂದ. ಅಲೆ ನೌಕೆಯನ್ನು ಎತ್ತಿ ಸರಪಳಿ ಬಿಗಿಯಾದಾಗ ಎಳೆತ ಮೇಲ್ಮುಖವಾಗಿ ಲಂಗರು ಕಿತ್ತುಬರುತ್ತದೆ. ಮೇ 17ರಂದು ಲಂಗರುಗಳು ಕೈಕೊಟ್ಟು ಪಿ-305 ದಿಕ್ಕಿಲ್ಲದೆ ತೇಲಿ ಅದೇ ದಿನ ಮುಳುಗಿತು. ಅದರಲ್ಲಿದ್ದ 261 ಮಂದಿಯಲ್ಲಿ 186 ಮಂದಿಯನ್ನು 'ಐಎನ್‌ಎಸ್ ಕೊಚ್ಚಿ' ಮೊದಲಾದ ಹಡಗುಗಳು ಕಾಪಾಡಿದವು. ಅವರಲ್ಲಿ ಹಲವರು ಜೀವರಕ್ಷಕ ಜಾಕೀಟು ತೊಟ್ಟು ಗಂಟೆಗಟ್ಟಲೆ ಕತ್ತಲ ಕಡಲಿನಲ್ಲಿ ತೇಲಿದ್ದರು. ನಮ್ಮ ಕಡಲು ಬೆಚ್ಚಗಿದೆ, ಚಳಿಯ ಭಯವೇನು ಎನ್ನಬೇಡಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖವನ್ನು ಹೀರುತ್ತದೆ. 28 ಡಿಗ್ರಿಯ ನೀರೂ 37 ಡಿಗ್ರಿಯ ಮೈಗೆ ತಣ್ಣಗೇ. ಅದಕ್ಕಾಗಿ ನಾವಿಕರಿಗೆ ಕಲಿಸುವುದು ಈಜುವುದನ್ನಲ್ಲ, ಈಜದಿರುವುದನ್ನು: ಮಂಡಿಯನ್ನು ಎದೆಗೆ ಮಡಚಿ, ತೋಳುಗಳನ್ನು ಪಕ್ಕೆಗೆ ಒತ್ತಿ, ಸಾಧ್ಯವಾದರೆ ಒಬ್ಬರನ್ನೊಬ್ಬರು ಹಿಡಿದು ಗುಂಪಾಗಿ ತೇಲಬೇಕು. ಗುಂಪಿದ್ದರೆ ಶಾಖ ಉಳಿಯುತ್ತದೆ, ಮೇಲಿನಿಂದ ನೋಡುವವರ ಕಣ್ಣಿಗೂ ಬೇಗ ಬೀಳುತ್ತದೆ. ಜಾಕೀಟಿಗೆ ಒಂದು ಸೀಟಿ ಮತ್ತು ನೀರಿನಲ್ಲಿ ಉರಿಯುವ ಸಣ್ಣ ದೀಪ ಕಟ್ಟಿರುತ್ತಾರೆ. ಹಡಗು ಮುಳುಗಿದಾಗ ತಾನಾಗಿ ಬಿಡಿಸಿಕೊಂಡು ತೇಲಿ 406 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ಉಪಗ್ರಹಕ್ಕೆ ಕೂಗುವ ರೇಡಿಯೋ ಪೆಟ್ಟಿಗೆಯೂ ಈಗ ಇದೆ. 1980ರ ಸೆಪ್ಟೆಂಬರಿನಲ್ಲಿ ಜಪಾನಿನ ದಕ್ಷಿಣಕ್ಕೆ ಚಂಡಮಾರುತದಲ್ಲಿ ಸಿಕ್ಕಿದ, 294 ಮೀಟರ್ ಉದ್ದದ ಅದಿರಿನ ಹಡಗು 'ಡರ್ಬಿಶೈರ್'ನಲ್ಲಿ ಅದು ಇರಲಿಲ್ಲ. 44 ಮಂದಿಯೊಂದಿಗೆ ಆ ಹಡಗು ಒಂದು ಸಂದೇಶವನ್ನೂ ಕಳಿಸದೆ ಕಾಣೆಯಾಯಿತು. ನಾಲ್ಕು ಕಿಲೋಮೀಟರ್ ಆಳದಲ್ಲಿ ಅದರ ಅವಶೇಷ ಸಿಕ್ಕಿದ್ದು 1994ರಲ್ಲಿ.